ನೋವಿಗೆ ಯಾರ ಮಾತು ಪ್ರಮಾಣ

ಹೆಣ್ಣು ಮುಟ್ಟಾಗುವುದಕ್ಕೆ ತೈತ್ತಿರೀಯ ಸಂಹಿತೆ ಒಂದು ಕಥೆಯನ್ನು ಕಾರಣವಾಗಿ ಹೇಳುತ್ತದೆ. ತ್ವಷ್ಟೃವಿನ ಮಗ ವಿಶ್ವರೂಪನನ್ನು ಕೊಂದ ಇಂದ್ರನಿಗೆ ಬ್ರಹ್ಮಹತ್ಯೆ ಸುತ್ತಿಕೊಂಡಿತು. ಅವನು ಅದನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಹೆಂಗಸರಿಗೆ ಹಂಚಿದ. ಹೆಂಗಸರ ಪಾಲಿಗೆ ಬಂದದ್ದು ತಿಂಗಳ ಸ್ರಾವ. ಅದರ ಜೊತೆಗೆ ಸಂತಾನದ ವರವೂ ಸಿಕ್ಕಿತೆಂದು ಕಥೆ ಸಮಾಧಾನ ಹೇಳುತ್ತದೆ. ಮಾಡಿದವನು ಒಬ್ಬ, ಹೊತ್ತವರು ಬೇರೆ. ಮಹಾರಾಷ್ಟ್ರದಲ್ಲಿ ಗಣೇಶ ಚೌತಿಯ ಮರುದಿನ ಹೆಂಗಸರು ಹಿಡಿಯುವ ಋಷಿಪಂಚಮಿ ವ್ರತ ನಿಂತಿರುವುದೂ ಇದೇ ಎಣಿಕೆಯ ಮೇಲೆ. ಮುಟ್ಟಿನ ದಿನಗಳಲ್ಲಿ ಅರಿಯದೆ ಏನನ್ನಾದರೂ ಮುಟ್ಟಿದ ದೋಷ ಕಳೆಯಲೆಂದು ಅಂದು ಎತ್ತಿನ ದುಡಿಮೆ ಸೋಕದೆ ಬೆಳೆದ ಸೊಪ್ಪು, ಗೆಡ್ಡೆ, ತರಕಾರಿಯನ್ನಷ್ಟೇ ಉಣ್ಣುತ್ತಾರೆ. ಎತ್ತಿಗೆ ಆ ದಿನ ಸಿಗುವ ಮರ್ಯಾದೆ ಗಮನಿಸಬೇಕಾದದ್ದು.

ದೇಹದ ಸಹಜ ಕ್ರಿಯೆಯೊಂದು ದೋಷವಾಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳಿದವರು ಆಧುನಿಕರು ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಸೇವುಣ ಯಾದವರ ನಾಡಿನಲ್ಲೇ ಅದನ್ನು ಕೇಳಿದವರಿದ್ದರು. ನಾಸಿಕ್ ಜಿಲ್ಲೆಯ ಸಿನ್ನರ್ ಆ ವಂಶದ ಮೊದಲ ನೆಲೆಗಳಲ್ಲೊಂದು. ರಾಜಧಾನಿ ಅಲ್ಲಿಂದ ದೇವಗಿರಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ ಪಕ್ಕದ ದೌಲತಾಬಾದಿಗೆ ಸರಿಯಿತು. 13ನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ತಿರುಗಾಡಿದ ಮಹಾನುಭಾವ ಪಂಥದ ಚಕ್ರಧರ ತನ್ನ ಸುತ್ತಲಿದ್ದ ಶಿಷ್ಯೆಯರಿಗೆ ಮುಟ್ಟಿನ ಮೈಲಿಗೆಯನ್ನು ಪಾಲಿಸಬೇಕಿಲ್ಲ ಎಂದ. ಮೂಗು, ಕಣ್ಣುಗಳಿಂದ ಒಸರುವಂತೆಯೇ ಇದೂ ಮೈಯ ಒಂದು ಒಸರು ಎಂಬುದು ಅವನ ವಾದದ ತಿರುಳು. ಮ್ಹಾಯಿಂಭಟ ಬರೆದ ‘ಲೀಳಾಚರಿತ್ರ’ದ ಪುಟಗಳಲ್ಲಿ ಹೆಂಗಸರು ಎಗ್ಗಿಲ್ಲದೆ ಪ್ರಶ್ನೆ ಕೇಳುತ್ತಾರೆ, ಉತ್ತರ ಪಡೆಯುತ್ತಾರೆ. ಮುಂದಿನ ಶತಮಾನದಲ್ಲಿ ಚೋಖಾಮೇಳನ ಹೆಂಡತಿ ಸೋಯರಾಬಾಯಿ ಇನ್ನೊಂದು ಹೆಜ್ಜೆ ಇಟ್ಟಳು. ಮೈಲಿಗೆಯಿಲ್ಲದೆ ಹುಟ್ಟಿದ ದೇಹವೇ ಇಲ್ಲವೆಂದಾದರೆ ಮಡಿಯವರು ಯಾರು ಎಂಬುದು ಅವಳ ಅಭಂಗದ ಸವಾಲು. ಕಲ್ಯಾಣದ ಶರಣರಿಗೆ ಇದು ಹೊಸ ಮಾತಲ್ಲ. ಮುಟ್ಟಿಲ್ಲದೆ ಪಿಂಡಕ್ಕೆ ನೆಲೆಯಿಲ್ಲ ಎಂಬ ಸಂಗತಿಯನ್ನೇ ಬಸವಣ್ಣ ಕುಲದ ಹೆಮ್ಮೆಯ ವಿರುದ್ಧ ತಿರುಗಿಸಿದ್ದ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಲಿಂಗಧಾರಿಗಳು ತಳ್ಳಿಹಾಕಿದ್ದರು.

ಇಷ್ಟು ಸ್ಪಷ್ಟವಾದ ಉತ್ತರ ಇಷ್ಟು ಹಿಂದೆಯೇ ಸಿಕ್ಕಿದ್ದರೂ ಹೆಣ್ಣಿನ ಆರೋಗ್ಯದ ಕಥೆ ಯಾಕೆ ಬದಲಾಗಲಿಲ್ಲ? ಆಚರಣೆ ಉಪದೇಶವನ್ನು ಮೀರಿಸಿತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಪ್ರಶ್ನೆಯಲ್ಲೇ ಇದೆ. ಸಂತರೂ ಶರಣರೂ ಕೇಳಿದ್ದು ಈ ಮೈ ದೇವರ ಮುಂದೆ ಮಲಿನವೇ ಎಂದು. ಈ ಮೈಗೆ ನೋಯುತ್ತಿದೆಯೇ ಎಂಬ ಪ್ರಶ್ನೆ ಬೇರೆ. ಅದು ಕೇಳಿಸುವುದು 17ನೆಯ ಶತಮಾನದ ಬಹಿಣಾಬಾಯಿಯ ‘ಆತ್ಮನಿವೇದನ’ದಂಥ ಕಡೆ. ವೇರೂಳದ ಹತ್ತಿರದ ದೇವಗಾಂವಿನಲ್ಲಿ ಹುಟ್ಟಿದ ಈಕೆ ಗಂಡನ ಹೊಡೆತವನ್ನೂ, ತಾನು ಬಸುರಿಯಾಗಿದ್ದಾಗಲೇ ಅವನು ಬಿಟ್ಟುಹೋಗಲು ಹೊರಟದ್ದನ್ನೂ ಭಕ್ತಿಯ ಕಥನದೊಳಗೇ ಬರೆದಿಟ್ಟಳು. ಮರಾಠಿಯಲ್ಲಿ ಹೆಣ್ಣೊಬ್ಬಳು ತನ್ನ ಮೈಗೆ ತಾನೇ ಸಾಕ್ಷಿ ಹೇಳಿದ ಮೊದಲ ಬರಹಗಳಲ್ಲಿ ಇದೊಂದು.

ಇವತ್ತಿನ ಸಿನ್ನರಿನಲ್ಲಿ ಪ್ರಶ್ನೆ ಬೀಡಿಯ ಮೊರದ ಮುಂದೆ ಬರುತ್ತದೆ. ಊರು ಬಹುಕಾಲದಿಂದ ಬೀಡಿಗೆ ಹೆಸರಾದದ್ದು. ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರು, ಕೂಲಿ ಸಾವಿರಕ್ಕೆ ಇಷ್ಟು ಎಂಬ ಲೆಕ್ಕ. ತೊಡೆಯ ಮೇಲೆ ಮೊರವಿಟ್ಟು ಬಗ್ಗಿ ಕೂತರೆ ಗಂಟೆಗಟ್ಟಲೆ ಏಳುವಂತಿಲ್ಲ. ಬೆನ್ನು, ಕುತ್ತಿಗೆ ಹಿಡಿಯುತ್ತವೆ. ತಂಬಾಕಿನ ಧೂಳು ಉಸಿರಿನಿಂದಲೂ ನಿಕೋಟಿನ್ ಚರ್ಮದಿಂದಲೂ ಒಳಗಿಳಿಯುತ್ತದೆ, ಬಸುರಿಯಾದರೂ ಬಾಣಂತಿಯಾದರೂ. ನಿಪ್ಪಾಣಿ ಮತ್ತು ಮಂಗಳೂರು ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಂದು ವಿಚಿತ್ರ ಕಾಣುತ್ತದೆ: ಮುಟ್ಟಿನ ದಿನ ದೇವರ ಗೂಡಿಗೆ ಮೈಲಿಗೆ ತಗಲಿಸುವ ಕೈ ಬೀಡಿಗೆ ತಗಲಿಸುವುದಿಲ್ಲ. ಉಪ್ಪಿನಕಾಯಿ ಭರಣಿ ಮುಟ್ಟಬಾರದು, ತಂಬಾಕು ಮುಟ್ಟಬಹುದು. ಕೂಲಿಯ ಹತ್ತಿರ ಬಂದಾಗ ಸೂತಕ ತಾನಾಗಿ ದೂರ ಸರಿಯುತ್ತದೆ. ಹೊರಗೆ ಕೂರಿಸುವುದು ವಿಶ್ರಾಂತಿಗಾಗಿಯೇ ಇತ್ತು ಎಂದು ಸಮರ್ಥಿಸುವವರು ಈ ಸರಿಯುವಿಕೆಗೆ ವಿವರಣೆ ಕೊಡಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ ಗುಡಿಸಿಲಿನಲ್ಲಿ ಬಾಣಂತಿಯೊಂದಿಗಿದ್ದ ಹಸುಗೂಸು ಸತ್ತದ್ದಕ್ಕೂ.

ನೋವಿದೆ ಎಂಬುದಕ್ಕೆ ಯಾರ ಮಾತನ್ನು ನಂಬಬೇಕು ಎಂಬಲ್ಲಿ ಭಾರತೀಯ ತರ್ಕಶಾಸ್ತ್ರ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ನ್ಯಾಯದರ್ಶನದ ಪ್ರಕಾರ ಸುಖದುಃಖಗಳು ಆತ್ಮದ ಗುಣಗಳು, ಅವನ್ನು ಅನುಭವಿಸುವವರಿಗೆ ಅವು ಮನಸ್ಸಿನ ಮೂಲಕ ನೇರ ಪ್ರತ್ಯಕ್ಷ. ಉಳಿದವರಿಗೆ ಇರುವ ದಾರಿ ಎರಡೇ, ಲಕ್ಷಣ ನೋಡಿ ಊಹಿಸುವುದು ಇಲ್ಲವೆ ನೋಯುವವರ ಮಾತನ್ನು ನಂಬುವುದು. ನಂಬತಕ್ಕ ಮಾತು ಆಪ್ತನ ಮಾತು. ಆಪ್ತ ಎಂದರೆ ಯಾರು? ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಇದ್ದಂತೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯಕಾರ ವಾತ್ಸ್ಯಾಯನ ಬರೆದ. ಹಾಗಾದರೆ ಕಿಬ್ಬೊಟ್ಟೆಯ ನೋವಿನ ವಿಷಯದಲ್ಲಿ ಬೀಡಿ ಕಟ್ಟುವವಳೇ ಆಪ್ತಳು. ಶಾಸ್ತ್ರದ ಪ್ರಕಾರವೇ ಅವಳ ಮಾತು ಪ್ರಮಾಣ. ನೋವಿನ ಕಾರಣವೇನೆಂಬುದು ಅವಳಿಗೆ ತಿಳಿಯದಿರಬಹುದು, ಅದು ವೈದ್ಯರ ಊಹೆಯ ಕ್ಷೇತ್ರ. ನೋವು ಇದೆಯೇ, ಎಷ್ಟಿದೆ ಎಂಬುದು ಮಾತ್ರ ಅವರದಲ್ಲ. ಶಾಸ್ತ್ರ ಓದಿದವರು ಈ ತೀರ್ಮಾನಕ್ಕೆ ಬರಲಿಲ್ಲ ಎಂಬುದಕ್ಕೆ ಶಾಸ್ತ್ರವನ್ನು ದೂರಿ ಫಲವಿಲ್ಲ.

ಹೆಣ್ಣಿನ ಮಾತನ್ನು ಪಕ್ಕಕ್ಕಿಡುವ ರೂಢಿ ಗುಡಿಯಿಂದ ದವಾಖಾನೆಗೂ ಬಂತು. ಸಂಭಾಜಿನಗರ ವಿಭಾಗದ ಬೀಡ್ ಜಿಲ್ಲೆಯಿಂದ ಪ್ರತಿವರ್ಷ ಕಬ್ಬು ಕಡಿಯುವ ಜೋಡಿಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ ಕಾರ್ಖಾನೆಗಳಿಗೂ ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಗುತ್ತಿಗೆದಾರನಿಂದ ಮುಂಗಡ ಪಡೆದಾಗಿರುತ್ತದೆ, ಒಂದು ದಿನ ತಪ್ಪಿದರೆ ದಂಡ ಬೀಳುತ್ತದೆ. ಗದ್ದೆಯಲ್ಲಿ ಶೌಚಾಲಯವಿಲ್ಲ, ನೀರಿಲ್ಲ. ಬಿಳಿಸೆರಗು, ಸೋಂಕು, ಹೆಚ್ಚು ರಕ್ತಸ್ರಾವ ಎಂದು ವೈದ್ಯರ ಬಳಿ ಹೋದವರಿಗೆ ಸಿಕ್ಕ ಸಲಹೆ ಹಲವು ಸಲ ಒಂದೇ: ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ. 2019ರಲ್ಲಿ ನೀಲಂ ಗೋರ್ಹೆ ಅಧ್ಯಕ್ಷತೆಯ ರಾಜ್ಯ ಸಮಿತಿಯ ಮುಂದೆ ಬಂದ ಸಮೀಕ್ಷೆಯಲ್ಲಿ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಕಂಡ ಪ್ರಮಾಣ ಸುಮಾರು ಶೇ. 3. ಕಲಬುರಗಿ ಸೀಮೆಯ ಲಂಬಾಣಿ ತಾಂಡಾಗಳಿಂದಲೂ ಅದೇ ದಶಕದಲ್ಲಿ ಇಂಥವೇ ದೂರುಗಳು ಬಂದವು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2023ರಲ್ಲಿ.

ಗರ್ಭಕೋಶ ತೆಗೆಸಿಕೊಂಡವರಲ್ಲಿ ಅನೇಕರು ತಾವಾಗಿಯೇ ಒಪ್ಪಿದ್ದರು, ಕೆಲವರು ಕೇಳಿಯೂ ಇದ್ದರು ಎಂಬ ಸಂಗತಿ ಪ್ರಶ್ನೆಯನ್ನು ಕಠಿಣಗೊಳಿಸುತ್ತದೆ. ಹೆಣ್ಣಿನ ಮಾತೇ ಪ್ರಮಾಣವಾದರೆ ಈ ಒಪ್ಪಿಗೆಯೂ ಪ್ರಮಾಣವಲ್ಲವೇ? ಅಲ್ಲ ಎಂದು ಸುಲಭವಾಗಿ ಹೇಳಿದರೆ ಅವಳ ಮಾತನ್ನು ಇನ್ನೊಮ್ಮೆ ಪಕ್ಕಕ್ಕಿಟ್ಟಂತೆ. ಅವಳು ಎರಡು ಸಂಗತಿ ಹೇಳುತ್ತಿದ್ದಾಳೆ. ನೋಯುತ್ತಿದೆ ಎಂಬುದು ಮೊದಲನೆಯದು, ಅದರಲ್ಲಿ ಅವಳು ಆಪ್ತಳು. ತೆಗೆಸಿದರೆ ಒಳ್ಳೆಯದಾಗುತ್ತದೆ ಎಂಬುದು ಎರಡನೆಯದು, ಅದು ಅವಳ ಅನುಭವವಲ್ಲ, ಬೇರೆಯವರು ಹೇಳಿದ್ದು. ಇಟ್ಟುಕೊಂಡರೆ ಕ್ಯಾನ್ಸರ್ ಆದೀತು ಎಂಬ ಹೆದರಿಕೆ, ದಂಡದ ಲೆಕ್ಕ ಎರಡೂ ಆ ಮಾತಿನೊಳಗಿವೆ. ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಗೇ ನಿಂತು ಎಳೆವಯಸ್ಸಿಗೇ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ‘ಹೆಣ್ಣು ಜನ್ಮ, ಪಡೆದುಬಂದದ್ದು’ ಎಂಬ ಕರ್ಮದ ಮಾತು ಇಲ್ಲಿ ಕೊನೆಯ ಸಹಿ ಹಾಕುತ್ತದೆ. ಕರ್ಮಸಿದ್ಧಾಂತ ಚಿಕಿತ್ಸೆಯನ್ನು ಎಲ್ಲೂ ನಿಷೇಧಿಸಿಲ್ಲ. ಆಯುಷ್ಯ ದೈವ ಮತ್ತು ಪುರುಷಪ್ರಯತ್ನ ಎರಡನ್ನೂ ಅವಲಂಬಿಸಿದೆ ಎಂದು ಚರಕಸಂಹಿತೆಯೇ ವಾದಿಸುತ್ತದೆ.

ಕೇಳಿಸಿಕೊಳ್ಳುವುದು ಕರುಣೆಯ ವಿಷಯವಷ್ಟೇ ಅಲ್ಲ, ಅರಿವಿನ ವಿಷಯವೂ ಹೌದು ಎಂಬುದಕ್ಕೆ ಗಡಚಿರೋಲಿಯ ಕೆಲಸ ಸಾಕ್ಷಿ. ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅಲ್ಲಿನ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಶೇ. 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಹಿಂದೆಂದಾದರೂ ಪರೀಕ್ಷೆ ಆಗಿದ್ದವರು ಶೇ. 8ರಷ್ಟು. ಅಲ್ಲಿಯವರೆಗೆ ಹಳ್ಳಿ ಹೆಣ್ಣಿನ ಆರೋಗ್ಯವೆಂದರೆ ಬಸಿರು ಮತ್ತು ಕುಟುಂಬ ಯೋಜನೆ ಎಂದೇ ನಡೆದಿತ್ತು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1883ರಲ್ಲಿ, ಆನಂದಿಬಾಯಿ ಜೋಶಿ ವೈದ್ಯಕೀಯ ಓದಲು ಅಮೆರಿಕಕ್ಕೆ ಹೊರಡುವ ಮುನ್ನ ಸಿರಾಂಪುರದಲ್ಲಿ ಮಾಡಿದ ಭಾಷಣದಲ್ಲಿ ಹೆಣ್ಣು ವೈದ್ಯರ ಅಗತ್ಯವನ್ನು ವಾದಿಸಿದ್ದಳು. ಈಗ ಹೆಣ್ಣು ವೈದ್ಯರು ಅಂದಿಗಿಂತ ಎಷ್ಟೋ ಹೆಚ್ಚಿದ್ದಾರೆ. ಆದರೆ ಎರಡು ನಿಮಿಷದಲ್ಲಿ ಒಬ್ಬರನ್ನು ನೋಡಿ ಮುಗಿಸುವ ಕಡೆ ವೈದ್ಯರು ಹೆಣ್ಣಾದರೂ ಗಂಡಾದರೂ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಇಂದ್ರನ ಕಥೆಯನ್ನೂ ಸೂತಕವನ್ನೂ ಬದಿಗಿಟ್ಟು ನೋವನ್ನು ನೋವೆಂದೇ ಎಣಿಸಿದ ಕ್ರಮ ಇದು. ಸಿನ್ನರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಮನೆಯಲ್ಲೇ ಕೂತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವವಳಿಗೆ ರಜೆ ಕೊಡಬೇಕಾದವರು ಯಾರು ಎಂಬುದು ಇನ್ನೂ ತೀರ್ಮಾನವಾಗಬೇಕು.