ಅಡಗಿಸಿದ್ದೆಲ್ಲ ಸುಳ್ಳೇ?

ಸತ್ಯವನ್ನು ಮರೆಯಲ್ಲಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸವಿದೆಯೇ? ಮನೆ, ಕಚೇರಿ, ಆಸ್ಪತ್ರೆಗಳಲ್ಲಿ ದಿನನಿತ್ಯ ಎದುರಾಗುವ ಈ ಪ್ರಶ್ನೆಯನ್ನು ಒಂದು ಸಣ್ಣ ಆಟದ ಮೂಲಕ ಪರಿಶೀಲಿಸೋಣ. ಆ ಆಟವೇ ಪದಬಂಧ.

ಕನ್ನಡ ಪತ್ರಿಕೆಗಳ ಪದಬಂಧದಲ್ಲಿ ಸುಳಿವು ಸಾಮಾನ್ಯವಾಗಿ ಪದದ ಅರ್ಥವನ್ನು ನೇರವಾಗಿ ತಿಳಿಸುತ್ತದೆ. ‘ದಿ ಹಿಂದೂ’ವಿನಂತಹ ಇಂಗ್ಲಿಷ್ ಪತ್ರಿಕೆಗಳ ಗೂಢ ಪದಬಂಧದ ರೀತಿಯೇ ಬೇರೆ. ಮಹದೇವಪುರದ ಕಚೇರಿಗಳಿಗೆ ಮೆಟ್ರೊದಲ್ಲಿ ಪ್ರಯಾಣಿಸುವ ನಿಮ್ಮ ಮಕ್ಕಳಲ್ಲಿ ಅದರ ರುಚಿ ಹತ್ತಿದವರೂ ಇರಬಹುದು. ಅದನ್ನರಿಯದವರಿಗಾಗಿ ಕನ್ನಡದಲ್ಲೇ ಒಂದು ಉದಾಹರಣೆ: ‘ತಿರುಗುಮುರುಗಾದ ಸರ ಹಣ್ಣಿನೊಳಗೆ ಸಿಗುತ್ತದೆ (2 ಅಕ್ಷರ).’ ಓದಿದೊಡನೆ ಕೊರಳಿನ ಒಡವೆ ಕಣ್ಣಮುಂದೆ ಬರುತ್ತದೆ. ಆದರೆ ‘ಸರ’ ಎಂಬ ಪದವನ್ನು ಹಿಂದುಮುಂದಾಗಿ ಓದಿ, ‘ರಸ’ ಎಂದಾಗುತ್ತದೆ. ಹಣ್ಣಿನೊಳಗೆ ಸಿಗುವುದೂ ಅದೇ. ಸುಳಿವಿನ ಒಂದು ಭಾಗ ಪದವನ್ನು ಕಟ್ಟುವ ಬಗೆಯನ್ನು ತಿಳಿಸಿದರೆ, ಇನ್ನೊಂದು ಭಾಗ ಅದರ ಅರ್ಥವನ್ನು ತಿಳಿಸುತ್ತದೆ. ಎರಡೂ ಒಂದೇ ಉತ್ತರಕ್ಕೆ ಬಂದು ಸೇರುತ್ತವೆ.

ಈಗ ಅದೇ ಸುಳಿವಿಗೆ ‘ಅಜ್ಜಿಯ ಕಳೆದುಹೋದ’ ಎಂಬ ಪದಗಳನ್ನು ಸೇರಿಸೋಣ. ವಾಕ್ಯ ಇನ್ನಷ್ಟು ಸೊಗಸಾಗುತ್ತದೆ, ಬಿಡಿಸುವವರು ಇನ್ನಷ್ಟು ದಾರಿ ತಪ್ಪುತ್ತಾರೆ. ಆದರೆ ಉತ್ತರ ತಿಳಿದ ಮೇಲೆ ಆ ಎರಡು ಪದಗಳಿಗೆ ಯಾವ ಕೆಲಸವೂ ಉಳಿಯುವುದಿಲ್ಲ. ಅವು ದಾರಿ ತಪ್ಪಿಸುವುದಕ್ಕೆಂದೇ ಬಂದವು. ಬಲ್ಲವರು ಅಂತಹ ಸುಳಿವನ್ನು ಅನ್ಯಾಯವೆನ್ನುತ್ತಾರೆ.

ಈ ನ್ಯಾಯವನ್ನು ಮೊದಲು ಸ್ಪಷ್ಟಪಡಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಎ. ಎಫ್. ರಿಚಿ. ಅವರು ಆಂಗ್ಲಿಕನ್ ಗುರುಗಳು, ವೆಲ್ಸ್ ಕೆಥೆಡ್ರಲ್ ಶಾಲೆಯ ಮುಖ್ಯೋಪಾಧ್ಯಾಯರು. ‘ಅಫ್ರಿಟ್’ ಎಂಬ ಹೆಸರಿನಲ್ಲಿ ಪದಬಂಧಗಳನ್ನು ರಚಿಸುತ್ತಿದ್ದರು. 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಹೇಳಿದ ನಿಯಮದ ಸಾರ ಇಷ್ಟು: ಸುಳಿವಿನ ಮೇಲ್ನೋಟದ ಅರ್ಥ ರಚನಕಾರನ ನಿಜವಾದ ಅರ್ಥವಾಗಿರಬೇಕಿಲ್ಲ, ಆದರೆ ನಿಜವಾದ ಅರ್ಥ ಆ ಪದಗಳಲ್ಲಿಯೇ ಇರಲೇಬೇಕು.

ನಮ್ಮ ನಾಡಿಗೂ ಇದು ಹೊಸದಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಮೇಲ್ನೋಟಕ್ಕೆ ಅಸಂಗತವೆನಿಸಿದರೂ ಒಳಗೆ ಅರ್ಥವನ್ನು ಹುದುಗಿಸಿಕೊಂಡಿವೆ. ಅವನ್ನು ಬಿಡಿಸಿ ಹೇಳುವ ಟೀಕೆಗಳ ಪರಂಪರೆಯೂ ಜೊತೆಗೆ ಬೆಳೆಯಿತು. ಪವಿತ್ರ ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಬಾಬೆಲಿಗೆ ‘ಶೇಷಕ್’ ಎಂಬ ಹೆಸರು ಬರುತ್ತದೆ. ಹೀಬ್ರೂ ವರ್ಣಮಾಲೆಯ ಮೊದಲ ಅಕ್ಷರಕ್ಕೆ ಕೊನೆಯದನ್ನು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನು ಹಾಕುತ್ತ ಹೋದರೆ ಬಾಬೆಲ್ ಶೇಷಕ್ ಆಗುತ್ತದೆ. 51ನೆಯ ಅಧ್ಯಾಯದ 41ನೆಯ ವಚನದಲ್ಲಿ ಎರಡು ಹೆಸರುಗಳೂ ಒಟ್ಟಿಗೇ ಇವೆ. ಮರೆಯೂ ಅಲ್ಲಿದೆ, ಅದರ ವಿವರಣೆಯೂ ಅಲ್ಲಿದೆ.

ಹಾಗಾದರೆ ನ್ಯಾಯವಾದ ಮರೆಯನ್ನು ಗುರುತಿಸುವುದು ಹೇಗೆ? ಉತ್ತರ ಬಯಲಾದ ಮೇಲೆ ಹಿಂದಿರುಗಿ ನೋಡಬೇಕು. ಪ್ರತಿಯೊಂದು ಪದಕ್ಕೂ ಲೆಕ್ಕ ಸಿಕ್ಕಿದರೆ ‘ನನಗೆ ಹೊಳೆಯಲಿಲ್ಲವಲ್ಲ’ ಎಂದು ನಗುತ್ತೇವೆ. ಲೆಕ್ಕ ಸಿಗದಿದ್ದರೆ ‘ಮೋಸಹೋದೆ’ ಎಂದು ನೋಯುತ್ತೇವೆ. ಆದುದರಿಂದಲೇ ಬರಿಯ ಉತ್ತರಕ್ಕಿಂತ ವಿವರಣೆ ದೊಡ್ಡದು. ರಚಿಸಿದವನ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ಅಲ್ಲಿಯೇ.

ಈ ಅಳತೆಗೋಲನ್ನು ಬದುಕಿಗೆ ಹಿಡಿಯೋಣ. ಮನೆಯನ್ನು ಭೋಗ್ಯಕ್ಕೆ ಕೊಡುವಾತ ಅದು ಬ್ಯಾಂಕಿಗೆ ಅಡವಾಗಿರುವುದನ್ನು ತಿಳಿಸದೆ, ‘ಕಾಗದಪತ್ರಗಳೆಲ್ಲ ಸರಿಯಾಗಿವೆ’ ಎನ್ನುತ್ತಾನೆ. ನಾಳೆ ಸತ್ಯ ತಿಳಿದಾಗ ಆ ಮಾತಿಗೆ ಲೆಕ್ಕ ಕೊಡಲು ಅವನಿಂದಾಗದು. ಅದು ಸುಳ್ಳೇ ಸರಿ. ಹುಟ್ಟುಹಬ್ಬದ ಉಡುಗೊರೆಯನ್ನು ಬಚ್ಚಿಡುವ ತಾಯಿಯಾದರೋ ತಾನೇ ಮುಂದಾಗಿ ಎಲ್ಲವನ್ನೂ ವಿವರಿಸುತ್ತಾಳೆ.

ಇವೆರಡರ ನಡುವೆ ಕಷ್ಟದ ಪ್ರಶ್ನೆಯೊಂದಿದೆ. ವಯಸ್ಸಾದ ತಂದೆಗೆ ಕ್ಯಾನ್ಸರ್ ಇದೆಯೆಂದು ತಿಳಿದಾಗ ಮಕ್ಕಳು ಏನು ಹೇಳಬೇಕು? ‘ಬರೀ ಗ್ಯಾಸ್ಟ್ರಿಕ್ ಅಷ್ಟೇ ಅಪ್ಪ’ ಎನ್ನುವುದು ಪ್ರೀತಿಯಿಂದಲೇ. ಆದರೂ ಅದು ‘ಅಜ್ಜಿಯ ಕಳೆದುಹೋದ’ ಎಂಬಂತಹ ಮಾತು. ‘ಚಿಕಿತ್ಸೆ ಬೇಕಾದ ಕಾಯಿಲೆ ಅಪ್ಪ, ನೀವು ಕೇಳಿದಾಗಲೆಲ್ಲ ನಿಜವನ್ನೇ ಹೇಳುತ್ತೇವೆ’ ಎನ್ನುವುದರಲ್ಲಿ ಮರೆಯಿದೆ, ಸುಳ್ಳಿಲ್ಲ. ಅವರು ಎಷ್ಟು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂಬ ಹಕ್ಕು ಅವರ ಕೈಯಲ್ಲೇ ಉಳಿಯುತ್ತದೆ. ಪದಬಂಧದ ಮುಂದೆ ಕುಳಿತವನು ತಾನೇ ಬಯಸಿ ಕುಳಿತಿದ್ದಾನೆ, ರೋಗಿ ಹಾಗಲ್ಲ. ಆದ್ದರಿಂದ ಮನೆಯವರ ಜವಾಬ್ದಾರಿ ರಚನಕಾರನಿಗಿಂತ ಹೆಚ್ಚಿನದು. ಅವರು ಕೇಳಿದ ಮೇಲೆ ಮರೆಯೂ ಉಳಿಯಬಾರದು.

‘ಅರೌಕೇರಿಯ’ ಎಂಬ ಹೆಸರಿನಲ್ಲಿ ‘ದಿ ಗಾರ್ಡಿಯನ್’ ಪತ್ರಿಕೆಗೆ ದಶಕಗಳ ಕಾಲ ಪದಬಂಧ ರಚಿಸಿದ ಜಾನ್ ಗ್ರಹಾಮ್ ಸಹ ಆಂಗ್ಲಿಕನ್ ಗುರುಗಳಾಗಿದ್ದರು. 2013ರ ಜನವರಿಯಲ್ಲಿ ಆ ಪತ್ರಿಕೆಯಲ್ಲಿ ಬಂದ ಅವರ ಪದಬಂಧವನ್ನು ಬಿಡಿಸಿದವರಿಗೆ ಚೌಕಗಳಲ್ಲಿ ಕಂಡದ್ದು ಅವರದೇ ಸುದ್ದಿ: ಅನ್ನನಾಳದ ಕ್ಯಾನ್ಸರ್, ಉಪಶಾಮಕ ಆರೈಕೆ. ಅದೇ ವರ್ಷದ ನವೆಂಬರ್‌ನಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರೂ ಸತ್ಯವನ್ನು ಅಡಗಿಸಿಟ್ಟರು. ಆದರೆ ಓದುಗರು ಒಂದೊಂದೇ ಅಕ್ಷರ ತುಂಬುತ್ತ, ತಮ್ಮ ಗತಿಯಲ್ಲಿ ಅದನ್ನು ತಲುಪಲೆಂದು ಅಡಗಿಸಿಟ್ಟರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಇಂದು ಹೇಳದೆ ಉಳಿದ ಮಾತೊಂದು ಇರಬಹುದು. ಎಲ್ಲವನ್ನೂ ಈ ಕ್ಷಣವೇ ಹೇಳಬೇಕೆಂದಿಲ್ಲ. ನಾಳೆ ಸತ್ಯ ಬಯಲಾದಾಗ, ಇಂದು ನೀವು ಆಡಿದ ಒಂದೊಂದು ಪದಕ್ಕೂ ಅವರ ಮುಂದೆ ಕುಳಿತು ವಿವರಣೆ ಕೊಡಬಲ್ಲಿರಾ? ಹೌದೆನ್ನಬಲ್ಲಿರಾದರೆ ನಿಮ್ಮ ಮೌನ ನಿರ್ಮಲವಾದುದು. ಇಲ್ಲವೆನಿಸಿದರೆ, ಇಂದು ಸಂಜೆಯೇ ಆ ಮಾತನ್ನು ತಿದ್ದಿಬಿಡಿ.