ತಾಮ್ರದ ಗುರಾಣಿಗಳು

ಆಧಾರ: ಒಂದನೆಯ ಅರಸುಗಳು 14ನೆಯ ಅಧ್ಯಾಯ, 25ರಿಂದ 28ರ ವರೆಗಿನ ವಚನಗಳು



ಅರಸನಾದ ಸೊಲೊಮೋನನು ಬಡಿದ ಬಂಗಾರದಿಂದ 200 ದೊಡ್ಡ ಗುರಾಣಿಗಳನ್ನೂ 300 ಚಿಕ್ಕ ಗುರಾಣಿಗಳನ್ನೂ ಮಾಡಿಸಿ ಲೆಬನೋನಿನ ವನವೆಂಬ ಮಂದಿರದಲ್ಲಿ ಇಡಿಸಿದನೆಂದು ಶಾಸ್ತ್ರದಲ್ಲಿ ಓದುತ್ತೇವೆ. ಅವನ ಮಗನಾದ ರೆಹಬ್ಬಾಮನ ಆಳಿಕೆಯ 5ನೆಯ ವರುಷದಲ್ಲಿ ಐಗುಪ್ತದ ಅರಸನಾದ ಶೀಶಕನು ದಂಡೆತ್ತಿ ಬಂದು ಅವೆಲ್ಲವನ್ನು ಸೂರೆಮಾಡಿಕೊಂಡು ಹೋದನು. ಆಗ ರೆಹಬ್ಬಾಮನು ಅವುಗಳಿಗೆ ಬದಲಾಗಿ ತಾಮ್ರದ ಗುರಾಣಿಗಳನ್ನು ಮಾಡಿಸಿ ಕಾವಲುಗಾರರ ವಶಕ್ಕೆ ಕೊಟ್ಟನು. ಅರಸನು ದೇವಾಲಯಕ್ಕೆ ಹೋಗುವಾಗೆಲ್ಲಾ ಅವರು ಅವುಗಳನ್ನು ಹೊತ್ತು ನಡೆದರು. ತಿರಿಗಿ ಬಂದ ಮೇಲೆ ಕಾವಲಿನ ಕೋಣೆಯಲ್ಲಿ ಇಟ್ಟರು.

ಹಳೆಯದರ ರೂಪದಲ್ಲಿ ಹೊಸದನ್ನು ಮಾಡಿಸುವದು ಪಾಪವೋ? ಅಲ್ಲ. ಯುದ್ಧದಲ್ಲಿ ಮೆದುವಾದ ಬಂಗಾರಕ್ಕಿಂತ ತಾಮ್ರವೇ ಹೆಚ್ಚಾಗಿ ತಡೆದೀತು. ಆದರೆ ಒಂದನ್ನು ಗಮನಿಸಿರಿ. ಪವಿತ್ರ ಗ್ರಂಥವು ಬಂಗಾರವನ್ನು ಬಂಗಾರವೆಂದೂ ತಾಮ್ರವನ್ನು ತಾಮ್ರವೆಂದೂ ಬರೆದಿದೆ. ಅರಸನ ಮಾನಕ್ಕೆ ಕುಂದು ಬರುವದೆಂದು ಹೆಸರನ್ನು ಬದಲಾಯಿಸಲಿಲ್ಲ. ಈ ಒಂದು ಮಾತಿನಿಂದ ನಾವು ಈ ತಿಂಗಳು ಕಲಿಯತಕ್ಕದ್ದು ಬಹಳ ಉಂಟು.

ಯೂರೋಪು ಖಂಡದಲ್ಲಿ ಐನೂರು ಆರುನೂರು ವರುಷಗಳ ಹಿಂದೆ ಕುದುರೆಯ ಮೇಲೆ ಯುದ್ಧಮಾಡುತ್ತಿದ್ದ ವೀರರು ತಲೆಯಿಂದ ಕಾಲಿನ ವರೆಗೆ ಉಕ್ಕಿನ ಕವಚವನ್ನು ತೊಡುತ್ತಿದ್ದರು. ಈ ಕಾಲದಲ್ಲಿಯೂ ಕಮ್ಮಾರರು ಆ ಮಾದರಿಯಲ್ಲಿ ಕವಚ ಗುರಾಣಿಗಳನ್ನು ಕೈಯಿಂದ ಮಾಡಿ ಮಾರುತ್ತಾರೆ. ನಾಟಕದವರೂ ವಸ್ತು ಸಂಗ್ರಹಾಲಯದವರೂ ಚರಿತ್ರೆಯನ್ನು ಪ್ರೀತಿಸುವವರೂ ಅವುಗಳನ್ನು ಕೊಳ್ಳುತ್ತಾರೆ. ಅಮೇರಿಕಾದ ಬರ್ಕ್ಲಿ ಪಟ್ಟಣದಲ್ಲಿ 1966ರಲ್ಲಿ ಆರಂಭವಾದ ಒಂದು ಸಂಘದವರು ಬೆತ್ತದ ಖಡ್ಗಗಳಿಂದ ಹಳೆಯ ಯುದ್ಧ ಕ್ರಮವನ್ನು ಅಭ್ಯಾಸಮಾಡುತ್ತಾರೆ. 2010ರಲ್ಲಿ ಯುಕ್ರೇನ್ ದೇಶದ ಖೋತಿನ್ ಕೋಟೆಯಲ್ಲಿ ಹಲವು ದೇಶದವರು ಕೂಡಿ ಮೊನೆಯಿಲ್ಲದ ಉಕ್ಕಿನ ಆಯುಧಗಳಿಂದ ಪಂದ್ಯಮಾಡಲು ತೊಡಗಿದರು. ಈ ವ್ಯಾಪಾರದಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಉತ್ತರಾಖಂಡದ ದೆಹರಾದೂನಿನಲ್ಲಿ ಮಾಡಿದ ಕತ್ತಿ ಕವಚಗಳು ಸಮುದ್ರದಾಚೆಗೆ ಹೋಗುತ್ತವೆ.

ನಮ್ಮ ಸಭೆಗಳಲ್ಲಿ ಕವಚವನ್ನು ಕೊಳ್ಳುವವರು ಯಾರೆಂದು ನೀವು ನಗಬಹುದು. ಆದರೆ ಬುದ್ಧಿವಂತನಾದವನು ಕವಚವನ್ನು ಕೊಳ್ಳುವಾಗ ಕೇಳುವ ನಾಲ್ಕು ಪ್ರಶ್ನೆಗಳನ್ನು ಎತ್ತನ್ನು ಕೊಳ್ಳುವವನೂ ಕೇಳಬೇಕು, ತನ್ನ ಆತ್ಮದ ಕ್ಷೇಮವನ್ನು ವಿಚಾರಿಸುವವನೂ ಕೇಳಬೇಕು.

ಮೊದಲನೆಯ ಪ್ರಶ್ನೆ: ಇದು ಏನು? ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಧನವಂತರಿಗೆ ಹಳೆಯ ವೀರರ ಕಾಲದ ಮೇಲೆ ಬಹಳ ಮೋಹ ಹುಟ್ಟಿತು. 1839ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಒಬ್ಬ ಪ್ರಭುವು ಬಹು ಹಣವನ್ನು ವ್ಯಯಮಾಡಿ ಪುರಾತನ ರೀತಿಯ ಪಂದ್ಯವನ್ನು ನಡಿಸಿದನು. ಮೊದಲನೆಯ ದಿನವೇ ಮಳೆ ಸುರಿದು ವೈಭವವೆಲ್ಲಾ ಕೆಸರಾಯಿತು. ಕೊಳ್ಳುವವರು ಹೆಚ್ಚಿದಾಗ ಮೋಸಗಾರರೂ ಹೆಚ್ಚಿದರು. ಹೊಸ ಉಕ್ಕಿಗೆ ತುಕ್ಕು ಬರಿಸಿ ಹಳೆಯ ಕವಚವೆಂದು ಮಾರಿದರು. ಮಾಡಿದ ಕೈ ಕುಶಲವಾದದ್ದೇ, ವಸ್ತುವೂ ಅಂದವಾದದ್ದೇ. ಆದರೆ ಅದರ ಮೇಲೆ ಹೇಳಿದ ಮಾತು ಸುಳ್ಳಾಗಿತ್ತು. ಸತ್ಯವಂತನಾದ ಕಮ್ಮಾರನು ಹಾಗೆ ಮಾಡುವದಿಲ್ಲ. ಹಿಂದೆ ಮಿಲಾನ್ ಮತ್ತು ಆಗ್ಸ್‌ಬರ್ಗ್ ಪಟ್ಟಣಗಳ ಕುಶಲಕರ್ಮಿಗಳು ತಮ್ಮ ಕೆಲಸದ ಮೇಲೆ ತಮ್ಮ ಗುರುತನ್ನು ಒತ್ತುತ್ತಿದ್ದರು. ನ್ಯೂರೆಂಬರ್ಗ್ ಪಟ್ಟಣದಲ್ಲಿಯಾದರೋ ಕೆಲಸವನ್ನು ಪರೀಕ್ಷಿಸಿದ ಮೇಲೆ ಪಟ್ಟಣದ ಮುದ್ರೆಯನ್ನೂ ಹೊಡೆಯುತ್ತಿದ್ದರು. ಈಗಲೂ ಕೊಳ್ಳುವವನು, ಇದನ್ನು ಯಾರು ಮಾಡಿದರು, ಯಾವ ಕಾಲದ ಯಾವ ಕವಚವನ್ನು ನೋಡಿ ಮಾಡಿದರು ಎಂದು ಕೇಳಬೇಕು. ಪ್ರಿಯರೇ, ನೀರು ಬೆರಸಿದ ಹಾಲನ್ನು ಹಾಲೆಂದು ಅಳೆಯುವವನೂ ಮುದಿ ಎತ್ತಿನ ವಯಸ್ಸನ್ನು ಮರೆಮಾಡುವವನೂ ತಾಮ್ರಕ್ಕೆ ಬಂಗಾರದ ಹೆಸರನ್ನು ಕೊಡುವವರಲ್ಲವೋ? ಸುಳ್ಳಿನ ತ್ರಾಸು ಕರ್ತನಿಗೆ ಅಸಹ್ಯವೆಂಬದನ್ನು ಜ್ಞಾನೋಕ್ತಿಗಳ ಪುಸ್ತಕದಿಂದ ಬಲ್ಲೆವು.

ಎರಡನೆಯ ಪ್ರಶ್ನೆ: ಇದು ಪೆಟ್ಟನ್ನು ತಡೆಯುವದೋ? ಗೋಡೆಗೆ ತೂಗಹಾಕುವ ಶಿರಸ್ತ್ರಾಣವೂ ತಲೆಗೆ ಹಾಕಿಕೊಳ್ಳುವ ಶಿರಸ್ತ್ರಾಣವೂ ದೂರದಿಂದ ಒಂದೇ ತರವಾಗಿ ಹೊಳೆಯುತ್ತವೆ. ವ್ಯತ್ಯಾಸವು ತಗಡಿನ ದಪ್ಪದಲ್ಲಿದೆ. ತಗಡನ್ನು ಗೇಜು ಎಂಬ ಲೆಕ್ಕದಿಂದ ಅಳೆಯುತ್ತಾರೆ. ಸಂಖ್ಯೆ ಹೆಚ್ಚಾದಷ್ಟು ತಗಡು ತೆಳ್ಳಗಾಗುತ್ತದೆ. 20 ಗೇಜಿನ ತಗಡು ಒಂದು ಮಿಲಿಮೀಟರಿಗೂ ಕಡಿಮೆ. 16 ಗೇಜಿನದು ಸುಮಾರು ಒಂದೂವರೆ ಮಿಲಿಮೀಟರ್. ಮೇಲೆ ಹೇಳಿದ ಅಮೇರಿಕಾದ ಸಂಘದವರು 16 ಗೇಜಿಗಿಂತ ತೆಳುವಾದ ಉಕ್ಕಿನ ಶಿರಸ್ತ್ರಾಣವನ್ನು ತಮ್ಮ ಪಂದ್ಯದಲ್ಲಿ ಒಪ್ಪುವದಿಲ್ಲ. ಇದನ್ನು ವಿಚಾರಿಸದೆ ಹೊಳಪಿಗೆ ಮರುಳಾಗಿ ಕೊಂಡವನು ಪೆಟ್ಟು ಬಿದ್ದ ದಿನದಲ್ಲಿ ತನ್ನ ತಲೆಯಿಂದಲೇ ಬೆಲೆ ತೆರುವನು.

ಉಕ್ಕಿನ ಬಳೆಗಳನ್ನು ಹೆಣೆದು ಮಾಡುವ ಅಂಗಿಯೂ ಹಾಗೆಯೇ. ಅದರಲ್ಲಿ ಸಾಧಾರಣವಾಗಿ ಒಂದೊಂದು ಬಳೆಯು ಸುತ್ತಲಿನ ನಾಲ್ಕು ಬಳೆಗಳನ್ನು ಹಿಡಿದಿರುತ್ತದೆ. ಅಗ್ಗದ ಅಂಗಿಯಲ್ಲಿ ಬಳೆಯ ಎರಡು ತುದಿಗಳನ್ನು ಬರಿದೇ ಕೂಡಿಸಿ ಬಿಟ್ಟಿರುತ್ತಾರೆ. ಚೂಪಾದ ಮೊನೆ ತಾಕಿದರೆ ಬಳೆ ಬಾಯಿಬಿಡುತ್ತದೆ. ಒಳ್ಳೆಯ ಅಂಗಿಯಲ್ಲಿ ಪ್ರತಿಯೊಂದು ಬಳೆಯ ತುದಿಗಳನ್ನು ಚಪ್ಪಟೆಮಾಡಿ, ತೂತು ಕೊರೆದು, ಚಿಕ್ಕ ಮೊಳೆಯನ್ನಿಟ್ಟು ಬಡಿದಿರುತ್ತಾರೆ. ಅಂಥ ಬಳೆಗಳು ಒಂದು ಅಂಗಿಗೆ ಹತ್ತಾರು ಸಾವಿರ ಬೇಕು. ಆದಕಾರಣ ಅದರ ಬೆಲೆಯು ಹೆಚ್ಚು. ಅದನ್ನು ಹುಲ್ಲಿನ ಬೆಲೆಗೆ ಕೊಡೆಂದು ಕಾಡುವವನು ಯಾರ ಕೂಲಿಯನ್ನು ಕಡಿಸುತ್ತಾನೆ? ಬೆಳಗಿನಿಂದ ಸಾಯಂಕಾಲದ ವರೆಗೆ ಕುಳಿತು ಬಳೆ ಬಡಿಯುವವನ ಕೂಲಿಯನ್ನಲ್ಲವೋ? ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುವದೆಂದು ಯಾಕೋಬನ ಪತ್ರಿಕೆಯು ನಮ್ಮನ್ನು ಎಚ್ಚರಿಸುತ್ತದೆ. ಕೂಲಿ ಮಾಡಿ ಉಣ್ಣುವವರಾದ ನಮಗೆ ಇದು ಚೆನ್ನಾಗಿ ತಿಳಿಯುವ ಮಾತು. ಇನ್ನೂ ನೋಡಿರಿ: ಸಭೆಯೆಂಬದೂ ಬಳೆಗಳ ಅಂಗಿಯಂತೆ ಇದೆ. ಒಬ್ಬನು ನಾಲ್ವರನ್ನು ಹಿಡಿದಿದ್ದಾನೆ. ಒಬ್ಬನು ಬಾಯಿಬಿಟ್ಟರೆ ಶತ್ರುವಿಗೆ ದಾರಿಯಾಗುತ್ತದೆ.

ಮೂರನೆಯ ಪ್ರಶ್ನೆ: ಇದು ನನ್ನ ಮೈಗೆ ಸರಿಯಾಗುವದೋ? ದಾವೀದನು ಸೌಲನ ಕವಚವನ್ನು ತೊಟ್ಟು ನಡೆದು ನೋಡಿ, ತನಗೆ ಅದರ ಅಭ್ಯಾಸವಿಲ್ಲವೆಂದು ತೆಗೆದಿಟ್ಟನು. ಅರಸನ ಕವಚವು ಕೆಟ್ಟದ್ದೆಂದಲ್ಲ, ಅದು ಇನ್ನೊಬ್ಬನದು. ಹದಿನೈದನೆಯ ಶತಮಾನದ ಯುದ್ಧಕವಚದ ತೂಕವು ಸುಮಾರು 20ರಿಂದ 25 ಕಿಲೋಗ್ರಾಂ. ಅದನ್ನು ತೊಟ್ಟವನನ್ನು ಯಂತ್ರದಿಂದ ಎತ್ತಿ ಕುದುರೆಯ ಮೇಲೆ ಕೂಡ್ರಿಸುತ್ತಿದ್ದರೆಂಬದು ಕಟ್ಟುಕಥೆ. ಮೈಯಳತೆಗೆ ಮಾಡಿದ್ದರಿಂದ ಭಾರವು ಅಂಗಾಂಗಗಳಿಗೆ ಹಂಚಿಹೋಗಿ, ಅವನು ನಡೆಯುತ್ತಿದ್ದನು, ಓಡುತ್ತಿದ್ದನು, ತಾನಾಗಿ ಕುದುರೆಯನ್ನು ಹತ್ತುತ್ತಿದ್ದನು. ಆದಕಾರಣ ಕೊಳ್ಳುವವನು ಮೊದಲು ಒಳಗೆ ತೊಡುವ, ಪದರಗಳನ್ನಿಟ್ಟು ಹೊಲಿದ ದಪ್ಪ ಅಂಗಿಯನ್ನು ಮಾಡಿಸಿಕೊಂಡು, ಅದನ್ನು ತೊಟ್ಟ ಮೇಲೆಯೇ ಅಳತೆ ಕೊಡಬೇಕು. ಎದೆಯ ಕವಚವು ನಡುವಿನ ಬಳಿಯಲ್ಲಿ ಮುಗಿಯಬೇಕು. ಸೊಂಟದ ಕೆಳಗೆ ಇಳಿದರೆ ಬೊಗ್ಗಲಾರನು, ಕೂಡ್ರಲಾರನು. ಪೆಟ್ಟಿನ ರಭಸವನ್ನು ನುಂಗುವದು ಹೊರಗಿನ ಉಕ್ಕು ಮಾತ್ರವಲ್ಲ, ಯಾರಿಗೂ ಕಾಣದ ಆ ಒಳ ಅಂಗಿಯೂ ಹೌದು. ತಂದೆ ತಾಯಿಗಳ ನಂಬಿಕೆಯನ್ನು ಎರವಾಗಿ ತೊಟ್ಟು ಸಭೆಗೆ ಬರುವ ಯೌವನಸ್ಥರೇ, ನಿಮ್ಮ ಅಳತೆಯನ್ನು ನೀವೇ ಕೊಡಬೇಕು. ಕೋಣೆಯಲ್ಲಿ ಬಾಗಿಲು ಮುಚ್ಚಿ ಮಾಡುವ ಪ್ರಾರ್ಥನೆಯೇ ಆ ಒಳ ಅಂಗಿ.

ನಾಲ್ಕನೆಯ ಪ್ರಶ್ನೆ: ಇದನ್ನು ಕಾಯುವದು ಹೇಗೆ? ಉಕ್ಕಿಗೆ ತೇವವು ವೈರಿ. ಬೆವರಿದ ಕೈ ತಾಕಿದಲ್ಲಿಯೂ ತುಕ್ಕು ಹಿಡಿಯುತ್ತದೆ. ಆದದರಿಂದ ಪ್ರತಿ ಸಾರಿ ತೊಟ್ಟು ಬಿಚ್ಚಿದ ಮೇಲೆ ಒರಸಿ ಎಣ್ಣೆ ಸವರಬೇಕು. ಹಿಂದಿನವರು ಬಳೆಗಳ ಅಂಗಿಯನ್ನು ಮರಳಿನ ಸಂಗಡ ಪೀಪಾಯಿಯಲ್ಲಿ ಹಾಕಿ ಉರುಳಿಸಿ ತುಕ್ಕನ್ನು ತೆಗೆಯುತ್ತಿದ್ದರು. ಮರದ ಗುರಾಣಿಯು ನೆಲದ ಹಸಿಯಲ್ಲಿ ನಿಂತರೆ ಸೊಟ್ಟಾಗುತ್ತದೆ, ಹೊದಿಸಿದ ತೊಗಲು ಬಿಡುತ್ತದೆ. ಕೊಳ್ಳುವದು ಒಂದು ದಿನದ ಕೆಲಸ, ಕಾಯುವದು ಜೀವಮಾನದ ಕೆಲಸ. ದೀಕ್ಷಾಸ್ನಾನದ ದಿನದಲ್ಲಿ ಹೊಳೆದ ಎಷ್ಟೋ ಕವಚಗಳಿಗೆ ಎಣ್ಣೆ ಮುಟ್ಟಿ ಎಷ್ಟು ವರುಷವಾಯಿತು?

ಇನ್ನು ಒಂದು ಸಂಗತಿ. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ದೇವರ ಸರ್ವಾಯುಧಗಳನ್ನು ವರ್ಣಿಸುವಾಗ, ಅವನ ಕಣ್ಣ ಮುಂದೆ ಇದ್ದದ್ದು ಸಾವಿರ ವರುಷಗಳ ತರುವಾಯ ಬಂದ ಯೂರೋಪಿನ ಕುದುರೆ ವೀರನಲ್ಲ, ಆ ಕಾಲದ ರೋಮಿನ ಸಿಪಾಯಿ. ಅವನು ಹೇಳಿದ ಗುರಾಣಿಯ ಗ್ರೀಕ್ ಹೆಸರು ಬಾಗಿಲೆಂಬ ಮಾತಿನಿಂದ ಬಂದದ್ದು. ಸಿರಿಯ ದೇಶದ ದುರಾ ಯುರೋಪಸ್ ಎಂಬ ಹಾಳು ಪಟ್ಟಣದಲ್ಲಿ ಅಂಥ ಒಂದು ರೋಮಿನ ಗುರಾಣಿ ಸಿಕ್ಕಿ, ಈಗ ಅಮೇರಿಕಾದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ತೆಳುವಾದ ಮರದ ಪಟ್ಟಿಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಅಂಟಿಸಿ ಬಾಗಿಸಿ ಮಾಡಿದ್ದು ಅದು. ಒಂದೊಂದು ಪಟ್ಟಿಯನ್ನು ಮಗುವೂ ಮುರಿದೀತು; ಕೂಡಿಸಿದ ಪಟ್ಟಿಗಳು ಬಾಣವನ್ನು ತಡೆದವು. ಸಭೆಯ ಮಕ್ಕಳಿಗೆ ಈ ಅಧ್ಯಾಯವನ್ನು ಕಲಿಸಲು ಮಾದರಿಯನ್ನು ತರಿಸುವವರು ರೋಮಿನ ಗುರಾಣಿಯನ್ನೇ ಕೇಳಲಿ. ಮಕ್ಕಳಿಗೆ ತೋರಿಸುವದರಲ್ಲಿಯೂ ಸತ್ಯವಿರಲಿ. ಹಣವಿಲ್ಲದಿದ್ದರೆ ರಟ್ಟಿನಿಂದ ಮಾಡಿ, ರಟ್ಟಿನದೆಂದು ಹೇಳಲಿ. ಸಾಲಮಾಡಿ ಉಕ್ಕನ್ನು ತರಿಸುವದು ಬೇಡ.

ಆದರೆ ಪೌಲನು ಹೇಳಿದ ಆ ಆಯುಧಗಳಿಗೆ ಅಂಗಡಿಯಿಲ್ಲ, ಕ್ರಯವಿಲ್ಲ. ಅವುಗಳ ಮಾದರಿಯನ್ನು ಮನುಷ್ಯನು ಮಾಡಲಾರನೆಂದಲ್ಲ, ಮಾಡುತ್ತಾನೆ. ಆದಿತ್ಯವಾರ ಹೊತ್ತು ತಂದು ಸೋಮವಾರ ಕಾವಲಿನ ಕೋಣೆಯಲ್ಲಿ ಇಡುವ ಭಕ್ತಿಯೇ ಆ ತಾಮ್ರದ ಗುರಾಣಿ. ಅದು ದೇವಾಲಯದ ದಾರಿಯಲ್ಲಿ ಹೊಳೆಯುತ್ತದೆ. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಗಂಡಹೆಂಡರ ಜಗಳದಲ್ಲಿ ಕೈಗೆ ಸಿಗುವದಿಲ್ಲ. ಅಹಾಬನು ವೇಷವನ್ನು ಮರೆಸಿ, ಕವಚವನ್ನು ತೊಟ್ಟು ಯುದ್ಧಕ್ಕೆ ಹೋದರೂ ಗುರಿಯಿಲ್ಲದೆ ಬಿಟ್ಟ ಒಂದು ಬಾಣವು ಕವಚದ ಸಂದಿನಲ್ಲಿ ನಾಟಿತು. ನಮ್ಮ ಸಂದು ಎಲ್ಲಿದೆಯೆಂದು ನಾವು ಬಲ್ಲೆವು. ಅದನ್ನು ಬಲ್ಲ ಶತ್ರುವೂ ಇದ್ದಾನೆ.

ಹಿಂದೆ ಉತ್ತಮ ಕವಚವನ್ನು ಮಾಡಿದವರು ಬಾಣವನ್ನಾಗಲಿ ಗುಂಡನ್ನಾಗಲಿ ಹೊಡೆದು ಪರೀಕ್ಷಿಸಿ, ಬಿದ್ದ ತಗ್ಗನ್ನು ಅಳಿಸದೆ ಹಾಗೆಯೇ ಬಿಡುತ್ತಿದ್ದರು. ಆ ತಗ್ಗೇ ಅದರ ಸಾಕ್ಷಿ. ಈ ವರುಷ ಮಳೆ ತಪ್ಪಿದವರೇ, ಮಗುವನ್ನು ಮಣ್ಣಿಗೆ ಕೊಟ್ಟವರೇ, ನಂಬಿಕೆಯ ನಿಮಿತ್ತ ನೆಂಟರಿಂದ ದೂರವಾದವರೇ, ನಿಮ್ಮ ಮೇಲೆ ಬಿದ್ದ ತಗ್ಗನ್ನು ಕುರಿತು ನಾಚಬೇಡಿರಿ. ನಿಮ್ಮ ಕವಚವು ಪೆಟ್ಟನ್ನು ತಡೆದಿದೆ. ನೀವು ಇನ್ನೂ ನಿಂತಿದ್ದೀರಿ.

ಕರ್ತನೇ, ತಾಮ್ರವನ್ನು ಬಂಗಾರವೆಂದು ಹೇಳುವ ನಾಲಿಗೆಯಿಂದ ನಮ್ಮನ್ನು ತಪ್ಪಿಸು. ಕೈಕೆಲಸದವನ ಕೂಲಿಯನ್ನು ಕಡಿಯದ ಮನಸ್ಸನ್ನು ನಮಗೆ ಕೊಡು. ನೀನು ಕ್ರಯವಿಲ್ಲದೆ ಕೊಡುವ ಕವಚವನ್ನು ನಾವು ದಿನಾಲು ತೊಟ್ಟು, ಕಡೇ ದಿನದ ವರೆಗೆ ನಿಲ್ಲುವಂತೆ ಮಾಡು. ಆಮೆನ್.