ಋಣ ಮತ್ತು ಸ್ಮರಣೆ

ಕೇರಳದ ಸಂಪ್ರದಾಯದಂತೆ ದುರ್ಗಾಷ್ಟಮಿಯ ಸಂಜೆ ಪೂಜೆಗಿಟ್ಟ ಪುಸ್ತಕ, ಲೇಖನಿ, ಉಪಕರಣಗಳನ್ನು ವಿಜಯದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವುದಿಲ್ಲ. ಕನ್ನಡನಾಡಿನ ಆಯುಧಪೂಜೆಯ ತಿರುಳೂ ಕೃತಜ್ಞತೆಯೇ. ಆದರೆ ಉಪಕರಣಕ್ಕೆ ಕುಂಕುಮವಿಟ್ಟು, ಅದನ್ನು ಹಿಡಿದ ಕೈಯನ್ನು ಮರೆಯಬಹುದೇ?

ಪದ್ಮನಾಭಪುರದ ಸರಸ್ವತೀದೇವಿಯೂ ನವರಾತ್ರಿಗೆ ತಿರುವನಂತಪುರವನ್ನು ಸೇರುವುದು ಬಹುಜನರ ಕಾಲ್ನಡಿಗೆಯ ಸೇವೆಯಿಂದ. ನಿತ್ಯದ ದುಡಿಮೆಯೂ ಹಾಗೆಯೇ. ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಬೋಟಿನಲ್ಲಿ ಕಚೇರಿಗೆ ತೆರಳುವ ಗುಮಾಸ್ತನು ಕ್ಷೇಮವಾಗಿ ಇಳಿಯುವುದು, ಕಟ್ಟೆಗೆ ಹಗ್ಗ ಬಿಗಿಯುವವನ ಎಚ್ಚರದಿಂದ. ಟಿಕೆಟ್ಟಿನ ಹಣದಿಂದ ಆ ಋಣ ತೀರಿತೇ? ಸಾಲವಾಗಿದ್ದರೆ ತೀರುತ್ತಿತ್ತು, ಲೆಕ್ಕದ ಪುಸ್ತಕಕ್ಕೆ ಸಿಗದ ಋಣಕ್ಕೆ ಸ್ಮರಣೆಯೊಂದೇ ಸಂದಾಯ. ದಶಮಿಯ ಮರುದಿನ ಬೋಟಿನಿಂದ ಇಳಿಯುವಾಗ ಆತನ ಮುಖ ನೋಡಿ ಒಂದು ಮಾತನಾಡಿದರೆ, ಹಿಂದಿನ ದಿನದ ಪೂಜೆ ಸಾರ್ಥಕವಾದಂತೆ.